ಮಾವನಿಲ್ಲದ ಒಂದು ಗಂಟೆ

ಆ ದಿನ ಕ್ಷೌರದಂಗಡಿಯವನಿಗೆ ನೆಗಡಿ ಆಗದೇ ಹೋಗಿದ್ದರೆ ನಮ್ಮ ಮೇಷ್ಟ್ರು ಬಚಾವಾಗುತ್ತಿದ್ದರು. ಯಾರ ಮೂಗು ಸೋರಿದರೆ ಯಾರ ಗ್ರಹಚಾರ ಕೆಡುತ್ತದೋ ಹೇಳಲಿಕ್ಕಾಗುವುದಿಲ್ಲ.

ಮೇಷ್ಟ್ರು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವರು. ಸಾಧು ಪ್ರಾಣಿ. ಆನ್‌ಲೈನ್ ಪಾಠದಲ್ಲಿ ಮೈಕ್ ಹಾಕುವುದನ್ನು ಮರೆತು ಸುಮ್ಮನೆ ಬಾಯಾಡಿಸುತ್ತ ಕೂತಿರುತ್ತಿದ್ದುದರಿಂದ ಹುಡುಗರು ಅವರಿಗೆ ‘ಮ್ಯೂಟ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಈ ಹೆಸರು ಕಾಲೇಜಿಗಿಂತ ಮನೆಯಲ್ಲೇ ಹೆಚ್ಚು ಒಪ್ಪುತ್ತಿತ್ತು. ಬೇರೆ ಮನೆ ಸಿಗುವ ತನಕ ಎಂದು ಹೆಂಡತಿಯ ತವರಿಗೆ ಬಂದವರು ಇನ್ನೂ ಅಲ್ಲೇ ಇದ್ದರು. ಮನೆ ಮಾವನದು, ಮಾತೂ ಮಾವನದೇ.

ಮಾವ ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಯಾವ ಗಾಡಿ ಎಷ್ಟು ತಡ ಎಂದು ಹೇಳಿ ಹೇಳಿ ನಿವೃತ್ತರಾದವರು. ಮೈಕು ಸ್ಟೇಷನ್ನಿನಲ್ಲೇ ಉಳಿಯಿತು, ದನಿ ಮಾತ್ರ ಮನೆಗೆ ಬಂತು. ಏನು ಹೇಳಿದರೂ ಎರಡು ಸಲ ಹೇಳಬೇಕು, ಅದೂ ಕೊನೆಯ ಪ್ಲಾಟ್‌ಫಾರ್ಮಿನ ಆಚೆಗೂ ಮುಟ್ಟುವಂತೆ ಹೇಳಬೇಕು. ಅವರು ಟೀಗೆ ಸಕ್ಕರೆ ಕಮ್ಮಿಯಾಗಿದೆ ಅಂದರೆ ಮೂರನೇ ಮನೆಯವರು ತಮ್ಮ ಲೋಟಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರ ಪಾಠಗಳೆಲ್ಲ ಆನ್‌ಲೈನ್ ಆದ ಮೇಲಂತೂ ಮಾವನಿಗೆ ಹಬ್ಬವೋ ಹಬ್ಬ. ಅಳಿಯನ ಕುರ್ಚಿಯ ಹಿಂದೆಯೇ ಮಂಚ ಹಾಕಿಸಿಕೊಂಡು, ಪಾಠದ ಮಧ್ಯೆ “ಅಳಿಯಂದ್ರೇ, ಅದು ಹಾಗಲ್ಲ” ಎಂದು ಶುರುಮಾಡಿಬಿಡುತ್ತಿದ್ದರು.

ಉಳಿದದ್ದು ಒಂದೇ ಒಂದು ಗಂಟೆ. ಚರ್ಚೆಯ ತರಗತಿ ಮಾತ್ರ ಇನ್ನೂ ಕಾಲೇಜಿನ ಕೋಣೆಯಲ್ಲಿ ನಡೆಯುತ್ತಿತ್ತು. ಇಡೀ ದಿನದಲ್ಲಿ ಮೇಷ್ಟ್ರು ಶುರುಮಾಡಿದ ವಾಕ್ಯವನ್ನು ತಾವೇ ಮುಗಿಸುತ್ತಿದ್ದುದು ಆ ಒಂದು ಗಂಟೆಯಲ್ಲಿ. ಅವರ ಜೀವ ಅದರಲ್ಲಿತ್ತು.

ಪ್ರಿನ್ಸಿಪಾಲರ ಕಣ್ಣೂ ಅದರ ಮೇಲೇ ಬಿತ್ತು.

“ಮೇಷ್ಟ್ರೇ, ಆ ಕೋಣೆಗೆ ಕಂಪ್ಯೂಟರ್‌ಗಳು ಬರ್ತಿವೆ. ಚರ್ಚೆನೂ ಆನ್‌ಲೈನಲ್ಲೇ ಮಾಡ್ಬಿಡಿ. ಮನೇಲಿ ಆರಾಮಾಗಿ ಕೂತ್ಕೊಂಡು ಮಾಡಬಹುದಲ್ಲ.”

ಆರಾಮು ಎಂಬ ಮಾತು ಕೇಳಿ ಮೇಷ್ಟ್ರಿಗೆ ಮಾವನ ಮಂಚ ನೆನಪಾಯಿತು. “ಸರ್, ಪಾಠ ಹೇಗಾದ್ರೂ ಮಾಡಬಹುದು. ಚರ್ಚೆ ಅಂದ್ರೆ ಮುಖ ಮುಖ ನೋಡ್ಕೊಂಡೇ ಮಾಡ್ಬೇಕು” ಎಂದು ಹೇಗೋ ಹೇಳಿಬಿಟ್ಟರು.

ಪ್ರಿನ್ಸಿಪಾಲರು ಮೂಲತಃ ರಸಾಯನಶಾಸ್ತ್ರದವರು. ಕಾಯಿಸಿ ನೋಡದೆ ಏನನ್ನೂ ಒಪ್ಪುವವರಲ್ಲ. “ಸರಿ, ಪ್ರಯೋಗ ಮಾಡೇಬಿಡೋಣ. ಅದೇ ಹುಡುಗರು, ಅದೇ ವಿಷಯ. ನಾಳೆ ಬೆಳಗ್ಗೆ ಮನೆಯಿಂದ ಆನ್‌ಲೈನು, ಮಧ್ಯಾಹ್ನ ಕೋಣೇಲಿ. ಎರಡನ್ನೂ ನಾನು ಕದ್ದು ಕೇಳ್ತೀನಿ. ಯಾವುದು ಕಾವೇರುತ್ತೋ ಅದು ಗೆದ್ದ ಹಾಗೆ” ಅಂದರು. ವಿಷಯವನ್ನೂ ಅವರೇ ಕೊಟ್ಟರು: ಕೂಡು ಕುಟುಂಬ ಮೇಲೋ, ಬೇರೆ ಸಂಸಾರ ಮೇಲೋ.

ಮೇಷ್ಟ್ರು ಸಾಧು ಪ್ರಾಣಿ ಅಂದೆನಲ್ಲ, ಆ ರಾತ್ರಿ ಅವರ ತಲೆಯಲ್ಲಿ ಹೊಳೆದ ಉಪಾಯ ಮಾತ್ರ ಸಾಧುವಿನದಲ್ಲ. ಬೆಳಗಿನ ಚರ್ಚೆಯನ್ನು ಬೇಕೆಂದೇ ತಣ್ಣಗೆ ಮಾಡಿ ಮಲಗಿಸಿಬಿಡುವುದು, ಮಧ್ಯಾಹ್ನ ಜೀವ ಬಿಟ್ಟಾದರೂ ಕಾವೇರಿಸುವುದು. ಮಾವನ ದನಿಗೆ ಯಾವ ಚರ್ಚೆಯೂ ಮಲಗದು, ಹಾಗಾಗಿ ಮೊದಲನೆಯದಾಗಿ ಅವರು ಮನೆಯಲ್ಲಿ ಇರಬಾರದು. ಬೆಳಗ್ಗೆ ಟೀ ಕೊಡುವಾಗ ಮಾವನ ತಲೆಯನ್ನೇ ದಿಟ್ಟಿಸಿ ನೋಡಿ, “ಮಾವ, ಕೂದಲು ಯಾಕೋ ಬಹಳ ಬೆಳೆದ ಹಾಗಿದೆ” ಅಂದರು.

“ಹೌದಾ?”

“ಹಿಂದಿನಿಂದ ನೋಡಿದ್ರೆ ಯಾರೋ ಕವಿಗಳು ಇದ್ದ ಹಾಗೆ ಕಾಣುತ್ತೆ.”

ಮಾವನಿಗೆ ಕವಿಗಳನ್ನು ಕಂಡರಾಗದು. ಟೀ ಲೋಟ ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿಕೊಂಡು ಕ್ಷೌರದಂಗಡಿಗೆ ಹೊರಟೇಬಿಟ್ಟರು. ಮೇಷ್ಟ್ರ ಹೆಂಡತಿ ಗಂಡನ ಮುಖವನ್ನೊಮ್ಮೆ ನೋಡಿ, “ರೀ, ಏನೋ ಕಿತಾಪತಿ ಮಾಡ್ತಿದೀರಿ ನೀವು” ಅಂದಳು. ಮೇಷ್ಟ್ರು ಏನೂ ಅರಿಯದವರ ಹಾಗೆ ಲ್ಯಾಪ್‌ಟಾಪ್ ತೆರೆದರು.

ಚರ್ಚೆ ಅವರು ಬಯಸಿದಂತೆಯೇ ಶುರುವಾಯಿತು. ಪುಸ್ತಕದಲ್ಲಿದ್ದ ವ್ಯಾಖ್ಯಾನವನ್ನು ಎಳೆದೆಳೆದು ಓದಿದರು. ಎರಡು ವಾಕ್ಯಕ್ಕೊಮ್ಮೆ “ಅರ್ಥ ಆಯ್ತಾ?” ಎಂದು ಕೇಳಿದರು. ಯಾವ ಚರ್ಚೆಯನ್ನಾದರೂ ಕೊಲ್ಲಲಿಕ್ಕೆ ಈ ಪ್ರಶ್ನೆ ಸಾಕು. ಪರದೆಯ ತುಂಬ ಕಪ್ಪು ಚೌಕಗಳು. ಯಾವ ಪ್ರಶ್ನೆಗೂ ಹೆಬ್ಬೆರಳಿನ ಗುರುತೊಂದನ್ನೇ ಕಳಿಸುವ ಒಬ್ಬ ಉದ್ದನೆಯ ಹುಡುಗನಿದ್ದ, ಅವನ ಅಡ್ಡಹೆಸರೇ ಹೆಬ್ಬೆಟ್ಟು. ಅವನು ಪದ್ಧತಿಯಂತೆ ಒಂದು ಹೆಬ್ಬೆರಳು ಕಳಿಸಿದ. ‘ಅತಿಥಿ’ ಎಂಬ ಹೆಸರಿನ ಒಂದು ಚೌಕದಿಂದ ಸಣ್ಣ ಆಕಳಿಕೆ ಕೇಳಿಸಿತು. ಅದು ಪ್ರಿನ್ಸಿಪಾಲರದು. ಮೇಷ್ಟ್ರಿಗೆ ಸಂಗೀತ ಕೇಳಿದಷ್ಟು ಸುಖವಾಯಿತು.

ಅಷ್ಟರಲ್ಲಿ ಹಿಂದೆ ಬಾಗಿಲು ದಡಾರೆಂದಿತು.

ಕ್ಷೌರದವನು ಎಡಗಡೆಯನ್ನು ಸಣ್ಣಗೆ ಕತ್ತರಿಸಿ ಬಲಗಡೆಗೆ ಬರುವ ಹೊತ್ತಿಗೆ ಅವನಿಗೆ ಸೀನು ಹತ್ತಿತ್ತು. ಒಂದೊಂದು ಸೀನಿಗೂ ಕತ್ತರಿ ಒಂದೊಂದು ಗೇಣು ಹಾರುತ್ತಿತ್ತು. ಮಾವ ಎದ್ದು ಬಂದುಬಿಟ್ಟಿದ್ದರು. ಎಡಗಡೆ ಬೋಳು, ಬಲಗಡೆ ಕಾಡು, ಮೈಮೇಲೆ ಬನಿಯನ್ನು.

“ಅರ್ಧ ತಲೆ ಸಾಕು, ಕಿವಿ ಎರಡೂ ಬೇಕು ಅಂತ ಹೇಳಿ ಬಂದೆ. ಅರ್ಧ ತಲೆ ಸಾಕು, ಕಿವಿ ಎರಡೂ ಬೇಕು ಅಂತ.”

ಆ ದನಿ ಕೇಳಿದ್ದೇ ತಡ, ಕಪ್ಪು ಚೌಕಗಳಲ್ಲಿ ಒಂದೊಂದೇ ಮುಖ ಬೆಳಗತೊಡಗಿತು. ಅಷ್ಟು ದಿನ ಮುಖವನ್ನೇ ತೋರಿಸದವರೆಲ್ಲ ಕ್ಯಾಮೆರಾ ಹಾಕಿಕೊಂಡು ಮುಂದೆ ಬಾಗಿ ನೋಡಿದರು. ಸಂದೇಶಗಳು ದಬದಬನೆ ಬಿದ್ದವು. ‘ಸರ್, ಅವರು ಯಾರು?’ ‘ಸರ್, ಅದು ಹೊಸ ಸ್ಟೈಲಾ?’

“ಏನು ವಿಷಯ ಇವತ್ತು?” ಎಂದು ಮಾವ ಅಳಿಯನ ಹೆಗಲ ಮೇಲಿಂದ ಬಗ್ಗಿ ಓದಿದರು. “ಕೂಡು ಕುಟುಂಬನೋ, ಬೇರೆ ಸಂಸಾರನೋ. ಇದರಲ್ಲಿ ಚರ್ಚೆ ಮಾಡೋದು ಏನಿದೆ? ನೀವು ಏನು ಹೇಳಿದ್ರಿ ಅಳಿಯಂದ್ರೇ?”

ಮೇಷ್ಟ್ರು ತೊದಲಿದರು. “ನಾನು ಹೇಳಿದ್ದಲ್ಲ ಮಾವ, ಪುಸ್ತಕದಲ್ಲಿದೆ. ಬೇರೆ ಸಂಸಾರದಲ್ಲಿ ಸ್ವಾತಂತ್ರ್ಯ ಸ್ವಲ್ಪ ಜಾಸ್ತಿ ಅಂತ.”

“ಯಾವ ಸ್ವಾತಂತ್ರ್ಯ ರೀ? ಈ ಮನೇಲಿ ನಿಮಗೇನು ಕಮ್ಮಿ ಆಗಿದೆ, ಇಷ್ಟು ಜನರ ಮುಂದೆ ಹೇಳಿ ನೋಡೋಣ.”

‘ಸರ್, ಉತ್ತರ ಕೊಡಿ’ ಎಂದು ಮೊದಲ ಬೆಂಚಿನ ಕನ್ನಡಕದ ಹುಡುಗಿ ಬರೆದಳು. ಅದಕ್ಕೆ ಹೆಬ್ಬೆಟ್ಟು ಒಂದೇ ಸಲಕ್ಕೆ ಆರು ಹೆಬ್ಬೆರಳು ಕಳಿಸಿದ.

ಮೇಷ್ಟ್ರು ಥಟ್ಟನೆ ಮೈಕ್ ಆರಿಸಿದರು. ಜೀವನದಲ್ಲಿ ಮೊದಲ ಬಾರಿಗೆ ಬೇಕೆಂದೇ ಮ್ಯೂಟ್ ಮಾಡಿದ್ದು. ತಕ್ಷಣ ‘ಅತಿಥಿ’ಯಿಂದ ಸಂದೇಶ ಬಂತು: ‘ಮೈಕ್ ಹಾಕಿ ಮೇಷ್ಟ್ರೇ. ಬಹಳ ಚೆನ್ನಾಗಿ ನಡೀತಿದೆ.’ ಹಾಕದೆ ವಿಧಿಯಿರಲಿಲ್ಲ.

ಆಗ ಅವರಿಗೆ ಇನ್ನೊಂದು ಹೊಳೆಯಿತು. ನೆಟ್‌ವರ್ಕ್ ಹೋದರೆ ಪರದೆಯ ಮೇಲೆ ಮನುಷ್ಯ ಹೇಗೆ ಸ್ತಬ್ಧನಾಗುತ್ತಾನೋ ಹಾಗೆ ಬಾಯಿ ಅರ್ಧ ತೆರೆದು, ಒಂದು ಕೈ ಮೇಲೆತ್ತಿ, ಕಲ್ಲಿನಂತೆ ಕೂತುಬಿಟ್ಟರು. ಉಸಿರು ಕೂಡ ಬಿಗಿಹಿಡಿದರು. ಉಪಾಯವೇನೋ ಚೆನ್ನಾಗಿತ್ತು. ಆದರೆ ಅವರ ಬೆನ್ನ ಹಿಂದೆ ಮಾವ ಅತ್ತಿಂದಿತ್ತ ಓಡಾಡುತ್ತ, ಕೈ ಬೀಸಿ ಮಾತಾಡುತ್ತ ಇದ್ದುದು ಎಲ್ಲರಿಗೂ ಕಾಣುತ್ತಿತ್ತು.

‘ಸರ್, ನೀವೊಬ್ಬರೇ ಹ್ಯಾಂಗ್ ಆಗಿದೀರಿ’ ಎಂದು ಯಾರೋ ಬರೆದರು.

ಇಷ್ಟು ಸಾಲದು ಎಂಬಂತೆ ಪಕ್ಕದ ಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಗೆ ಬಂದಳು. ಅವಳ ಕಿಟಕಿಗೂ ಇವರ ಕಿಟಕಿಗೂ ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ. “ಯಜಮಾನ್ರೇ, ನಾನು ಬೇರೆ ಸಂಸಾರ ಮಾಡಿ ನೋಡಿದವಳು. ಜಗಳ ಆಡೋಕೂ ಮನೇಲಿ ಜನ ಇರಲ್ಲ. ಹೊತ್ತು ಹೋಗಲ್ಲ ನೋಡಿ” ಅಂದಳು.

“ಕೇಳಿದ್ರಾ?” ಎಂದು ಮಾವ ಲ್ಯಾಪ್‌ಟಾಪನ್ನೇ ಎತ್ತಿ ಕಿಟಕಿಗೆ ಹಿಡಿದರು. ಟೈಲರಮ್ಮನಿಗೂ ಹುಡುಗರಿಗೂ ವಾದ ಹತ್ತಿಕೊಂಡಿತು. ಒಬ್ಬ ಸ್ವಾತಂತ್ರ್ಯದ ಪರ, ಕನ್ನಡಕದ ಹುಡುಗಿ ಪುಟಗಟ್ಟಲೆ ಬರೆದು ಅಜ್ಜಿಯ ಪರ, ಮತ್ತೊಬ್ಬ ಯಾರ ಪರವೆಂದು ಅವನಿಗೇ ತಿಳಿಯದು. ಗಂಟೆ ಮುಗಿದರೂ ಒಬ್ಬರೂ ಹೊರಹೋಗಲಿಲ್ಲ. ಕೊನೆಗೆ ಮಾವ, ಏನಾದರೂ ಸಂಶಯವಿದ್ದರೆ ಕೇಳಿ ಎಂದು ತಮ್ಮ ಫೋನ್ ನಂಬರನ್ನು ಎರಡು ಸಲ ಹೇಳಿ ಸಭೆ ಮುಗಿಸಿದರು. ಕಲ್ಲಾಗಿ ಕೂತಿದ್ದ ಮೇಷ್ಟ್ರ ಎತ್ತಿದ ಕೈ ಜೋಮು ಹಿಡಿದಿತ್ತು, ಅದನ್ನು ಹೆಂಡತಿ ಬಂದು ಇಳಿಸಿದಳು.

“ನಿಮ್ಮ ಚರ್ಚೆ ಇವತ್ತು ಚೆನ್ನಾಗಿತ್ತು ಕಣ್ರೀ” ಅಂದಳು. ಮೇಷ್ಟ್ರಿಗೆ ಅಳು ಬರುವುದೊಂದು ಬಾಕಿ.

ಮಧ್ಯಾಹ್ನ ಕಾಲೇಜಿನ ಕೋಣೆಗೆ ಅವರು ಯುದ್ಧಕ್ಕೆ ಹೋಗುವವರಂತೆ ಹೋದರು. ಬೆಂಚುಗಳನ್ನು ತಾವೇ ಎಳೆದು ದುಂಡಗೆ ಜೋಡಿಸಿದರು. ಬಾಗಿಲಾಚೆ ಪ್ರಿನ್ಸಿಪಾಲರು ನೋಟಿಸ್ ಬೋರ್ಡ್ ಓದುವವರ ಹಾಗೆ ನಿಂತದ್ದು ಕಾಣಿಸಿತು. ಬೋರ್ಡಿನಲ್ಲಿ ಒಂದೂ ನೋಟಿಸ್ ಇರಲಿಲ್ಲ.

“ಬೆಳಗ್ಗೆ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದಲೇ ಶುರುಮಾಡೋಣ. ಯಾರು ಮಾತಾಡ್ತೀರಿ?”

ಯಾರೂ ಮಾತಾಡಲಿಲ್ಲ. ಬೆಳಗ್ಗೆ ಪರದೆಯಲ್ಲಿ ಹುಲಿಗಳಾಗಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಲಾರದೆ ತಮ್ಮ ತಮ್ಮ ಬೆರಳುಗಳನ್ನು ನೋಡುತ್ತ ಕೂತಿದ್ದರು. ದುಂಡಗೆ ಕೂರಿಸಿದ್ದು ಇನ್ನೂ ಕೆಟ್ಟದಾಗಿತ್ತು. ಎತ್ತ ನೋಡಿದರೂ ಯಾರದೋ ಕಣ್ಣು. ಬೆಳಗ್ಗೆ ಪುಟಗಟ್ಟಲೆ ಬರೆದ ಕನ್ನಡಕದ ಹುಡುಗಿಯನ್ನು ಕೇಳಿದರೆ ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೆಬ್ಬೆಟ್ಟನ್ನು ಕೇಳಿದರೆ ಅವನು ಎದ್ದು ನಿಂತು, ನಿಜವಾಗಿಯೂ, ಹೆಬ್ಬೆರಳು ಎತ್ತಿ ತೋರಿಸಿ ಕೂತ. ಹಿಂದಿನಿಂದ ಒಬ್ಬ ಕೈ ಎತ್ತಿದಾಗ ಮೇಷ್ಟ್ರ ಮುಖ ಅರಳಿತು. “ಸರ್, ಫ್ಯಾನು ಸ್ವಲ್ಪ ಕಮ್ಮಿ ಮಾಡ್ಲಾ?” ಅಂದ.

ಆದರೆ ಎಲ್ಲಿಂದಲೋ ಗುಂಯ್ ಗುಂಯ್ ಎಂಬ ಸದ್ದು ಬರುತ್ತಿತ್ತು. ಮೇಷ್ಟ್ರು ಬಗ್ಗಿ ನೋಡಿದರು. ಬೆಂಚುಗಳ ಕೆಳಗೆ ಅಷ್ಟೂ ಜನರ ಕೈಯಲ್ಲಿ ಫೋನುಗಳು. ಎದುರುಬದುರು ಕೂತವರು ಬೆಂಚಿನ ಅಡಿಯಲ್ಲಿ ತಮ್ಮ ಮೆಸೇಜ್ ಗುಂಪಿನಲ್ಲಿ ಭರ್ಜರಿಯಾಗಿ ಚರ್ಚೆ ಮಾಡುತ್ತಿದ್ದರು. ಒಂದು ಫೋನು ಇಸಿದುಕೊಂಡು ನೋಡಿದರೆ ಕನ್ನಡಕದ ಹುಡುಗಿ ಆಗಲೇ ಎರಡು ಪುಟ ಬರೆದಾಗಿತ್ತು. ಕೊನೆಯ ಸಂದೇಶ: ‘ಸರ್ ಬಗ್ಗಿ ನೋಡ್ತಿದ್ದಾರೆ.’

ಫೋನುಗಳನ್ನೆಲ್ಲ ಇಸಿದುಕೊಂಡು ಮೇಜಿನ ಮೇಲೆ ರಾಶಿ ಹಾಕಿದರು. ಆ ಸದ್ದೂ ನಿಂತುಹೋಯಿತು. ಬಾಗಿಲಾಚೆ ಪ್ರಿನ್ಸಿಪಾಲರು ತಲೆ ಅಲ್ಲಾಡಿಸಿದ್ದು ಕಂಡಿತು. ಮೇಷ್ಟ್ರ ಕಣ್ಣ ಮುಂದೆ ಅವರ ಉಳಿದ ಆಯುಷ್ಯವೆಲ್ಲ ಬಂದು ನಿಂತಿತು: ಆ ಕುರ್ಚಿ, ಹಿಂದೆ ಆ ಮಂಚ, “ಅಳಿಯಂದ್ರೇ, ಅದು ಹಾಗಲ್ಲ.”

ಅವರಿಗೆ ಏನಾಯಿತೋ ಏನೋ, ಪುಸ್ತಕ ಮುಚ್ಚಿ ಮೇಜಿನ ಮೇಲೆ ಕುಕ್ಕಿದರು.

“ನೋಡ್ರಪ್ಪಾ, ಇವತ್ತು ನೀವು ಮಾತಾಡದೇ ಇದ್ರೆ ನಾಳೆಯಿಂದ ಈ ಕ್ಲಾಸ್ ಇರಲ್ಲ. ಮನೆಯಿಂದ ಮಾಡ್ಬೇಕು. ನನಗೆ ಮನೆಯಿಂದ ಆಗಲ್ಲ. ಮನೇಲಿ ನಮ್ಮ ಮಾವ ಇದ್ದಾರೆ. ನಾನು ‘ಆ’ ಅಂದ್ರೆ ಅವರು ‘ಆಕಾಶ’ ಅಂತಾರೆ, ನಾನು ನೆಲ ಅನ್ನೋಷ್ಟರಲ್ಲಿ ಅವರು ಎರಡು ಸಲ ಹೇಳಿ ಮುಗಿಸಿರ್ತಾರೆ. ನಾನು ಒಂದು ಮಾತು ಪೂರ್ತಿ ಆಡೋದು ಇಲ್ಲಿ, ನಿಮ್ಮ ಮುಂದೆ. ಇದೂ ಹೋದ್ರೆ ನಾನು ಮೂಕ ಆಗಿಬಿಡ್ತೀನಿ. ಇದು ಪುಸ್ತಕದ್ದಲ್ಲ, ನನ್ನದೇ ಮಾತು.”

ಆಮೇಲೆ ಕನ್ನಡಕದ ಹುಡುಗಿ ಮೆಲ್ಲಗೆ ಎದ್ದಳು.

“ಸರ್, ನಮ್ಮನೇಲೂ ಅಷ್ಟೆ. ಇರೋದು ಒಂದೇ ಕೋಣೆ. ನಾನು ಬರೆದು ಕಳಿಸೋದು ಬರೆಯೋಕೆ ಇಷ್ಟ ಅಂತ ಅಲ್ಲ. ಮಾತಾಡಿದ್ರೆ ಅಜ್ಜಿಗೆ ಕೇಳುತ್ತೆ. ಕೂಡು ಕುಟುಂಬ ಕಷ್ಟ ಅಂತ ಅಜ್ಜಿ ಪಕ್ಕದಲ್ಲೇ ಕೂತು ಹೇಳೋದು ಹೇಗೆ?”

“ಮತ್ತೆ ಅಜ್ಜಿ ಬೇಕು ಅಂತ ಬೆಳಗ್ಗೆ ಅಷ್ಟೊಂದು ಬರೆದೆಯಲ್ಲ?” ಎಂದು ಹಿಂದಿನ ಬೆಂಚಿನವನು ಕೇಳಿದ.

“ಅಜ್ಜಿ ಕನ್ನಡಕ ಹಾಕ್ಕೊಂಡು ಓದ್ತಾ ಇದ್ರು ಕಣೋ.”

ಎಲ್ಲರೂ ಗೊಳ್ಳೆಂದು ನಕ್ಕರು. ಹೆಬ್ಬೆಟ್ಟು ಎದ್ದ. ಅವನ ದನಿಯನ್ನು ಆ ತರಗತಿ ಕೇಳಿದ್ದು ಅದೇ ಮೊದಲು. “ಸರ್, ನಾನು ಬರೀ ಹೆಬ್ಬೆರಳು ಕಳಿಸ್ತೀನಿ ಅಂತ ನಗ್ತಾರೆ. ಒಂದು ಕೈಯಲ್ಲಿ ಅಕ್ಕನ ಮಗೂನ ಎತ್ಕೊಂಡಿರ್ತೀನಿ ಸರ್. ಇನ್ನೊಂದು ಕೈಯಲ್ಲಿ ಫೋನು. ಉಳಿಯೋದು ಹೆಬ್ಬೆರಳೊಂದೇ.”

ಅಲ್ಲಿಂದ ಕಟ್ಟೆ ಒಡೆಯಿತು. ಒಬ್ಬನಿಗೆ ಮಾತಾಡಲು ಜಾಗ ಸಿಗುವುದು ಬಚ್ಚಲಿನಲ್ಲಂತೆ. ಒಬ್ಬಳ ಅಣ್ಣ ಅವಳ ಹೆಸರಿನಲ್ಲಿ ತಾನೇ ಉತ್ತರ ಬರೆಯುತ್ತಾನಂತೆ, ಅದೂ ತಪ್ಪುತಪ್ಪಾಗಿ. “ಹಾಗಾದ್ರೆ ಆನ್‌ಲೈನ್ ಬೇಡವೇ ಬೇಡ” ಎಂದು ಒಬ್ಬ ಕೂಗಿದರೆ, “ನಿನಗೇನಪ್ಪಾ, ನೀನು ಯಾವಾಗಲೂ ಮಾತಾಡ್ತೀಯ. ನನಗೆ ಹತ್ತು ಜನ ನೋಡಿದ್ರೆ ನಾಲಿಗೆ ಒಣಗುತ್ತೆ. ಬರೆಯೋಕೆ ಬಿಟ್ರೆ ಮಾತ್ರ ನಾನೂ ಇದೀನಿ ಅಂತ ಗೊತ್ತಾಗೋದು” ಎಂದು ಮೂಲೆಯ ಹುಡುಗಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಅವಳ ನಾಲಿಗೆ ಒಣಗಿದ ಲಕ್ಷಣವೇನೂ ಇರಲಿಲ್ಲ. ಮೇಷ್ಟ್ರು ನಡುವೆ ನಿಂತು ಅತ್ತ ಇತ್ತ ತಿರುಗುತ್ತ, “ಒಬ್ಬೊಬ್ಬರೇ, ಒಬ್ಬೊಬ್ಬರೇ” ಅನ್ನುತ್ತಿದ್ದರು. ಒಬ್ಬೊಬ್ಬರಾಗಿ ಯಾರೂ ಮಾತಾಡಲಿಲ್ಲ. ಮೇಷ್ಟ್ರಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಗಂಟೆ ಹೊಡೆದು ಹುಡುಗರೆಲ್ಲ ಜಗಳವಾಡುತ್ತಲೇ ಹೊರಗೆ ಹೋದ ಮೇಲೆ ಪ್ರಿನ್ಸಿಪಾಲರು ಒಳಗೆ ಬಂದು ಮೇಷ್ಟ್ರ ಕೈ ಕುಲುಕಿದರು.

“ಒಪ್ಪಿದೆ ಮೇಷ್ಟ್ರೇ. ಬೆಳಗ್ಗೆ ಎಲ್ಲರೂ ತಮಾಷೆ ನೋಡ್ತಿದ್ರು. ಈಗ ಎಲ್ಲರೂ ಮನಸ್ಸು ಬಿಚ್ಚಿದ್ರು. ಚರ್ಚೆ ಅಂದ್ರೆ ಮುಖಾಮುಖಿನೇ. ನಾಳೆಯಿಂದ ಚರ್ಚೆ ಆನ್‌ಲೈನ್ ಇಲ್ಲ, ಬರೆದುಕೊಳ್ಳಿ.”

ಮೇಷ್ಟ್ರು ಎರಡೂ ಕೈ ಜೋಡಿಸಿ ಮುಗಿದರು.

“ಕೋಣೆಯದ್ದೇ ಯೋಚನೆ ಆಗಿತ್ತು. ಕಂಪ್ಯೂಟರ್‌ಗಳು ನಾಳೆ ಬರ್ತವೆ, ಇದನ್ನ ಬಿಟ್ಟುಕೊಡಲೇಬೇಕು, ಬೇರೆ ಒಂದು ಕೋಣೆನೂ ಖಾಲಿ ಇಲ್ಲ. ದೇವರು ದೊಡ್ಡವನು, ಅದಕ್ಕೂ ದಾರಿ ಆಯ್ತು. ನಿಮ್ಮ ಮಾವನವರು ಎಂಥಾ ಮನುಷ್ಯ ರೀ.”

“ಮಾವ?”

“ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಹೋಲಿಸಿ ನೋಡೋಕೆ ಇನ್ನೊಂದು ಜೊತೆ ಕಿವಿ ಇದ್ರೆ ಒಳ್ಳೇದು ಅನ್ನಿಸ್ತು. ನಂಬರ್ ಹೇಗೂ ಕೊಟ್ಟಿದ್ರಲ್ಲ, ಫೋನ್ ಮಾಡಿ ಜೇಬಲ್ಲಿ ಇಟ್ಕೊಂಡಿದ್ದೆ.” ಪ್ರಿನ್ಸಿಪಾಲರು ಅಂಗಿಯ ಜೇಬು ತಟ್ಟಿ ತೋರಿಸಿದರು. “ಪೂರ್ತಿ ಕೇಳಿಸ್ಕೊಂಡ್ರು.”

ಮೇಷ್ಟ್ರು ಆ ಜೇಬನ್ನೇ ದಿಟ್ಟಿಸಿದರು. “ನಾನು ಅವರ ಬಗ್ಗೆ ಹೇಳಿದ್ದು?”

“ಅದನ್ನೇ ಬಹಳ ಮೆಚ್ಚಿದ್ರು. ಸ್ಟೇಷನ್ ಬಿಟ್ಟ ಮೇಲೆ ನನ್ನ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡಿರಲಿಲ್ಲ ಅಂತ ಗದ್ಗದ ಆಗಿಬಿಟ್ರು. ಇಂಥ ಚರ್ಚೆ ಕೋಣೆ ಇಲ್ಲ ಅಂತ ನಿಲ್ಲಬಾರದು, ನಮ್ಮ ಹಾಲ್ ದೊಡ್ಡದಿದೆ, ಹುಡುಗರನ್ನೆಲ್ಲ ಇಲ್ಲಿಗೇ ಕಳಿಸಿ ಅಂದ್ರು. ನಾನು ಹೂಂ ಅಂದುಬಿಟ್ಟೆ. ಮುಖಾಮುಖಿ ಚರ್ಚೆ, ನಿಮ್ಮ ಮನೇಲೇ. ನಿಮಗೆ ಓಡಾಟನೂ ತಪ್ಪಿತು.”

ಮನೆಗೆ ಬಂದಾಗ ಮೇಷ್ಟ್ರಿಗೆ ತಮ್ಮ ಮನೆಯ ಗುರುತೇ ಸಿಗಲಿಲ್ಲ. ಹಾಲ್‌ನಲ್ಲಿದ್ದ ಮಂಚ ಗೋಡೆಗೆ ಒರಗಿ ನಿಂತಿತ್ತು. ನೆಲದ ತುಂಬ ಚಾಪೆ. ಟೈಲರಮ್ಮ ಹೊಲಿಗೆಯ ಸ್ಟೂಲನ್ನು ತನ್ನ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಈಗಿನಿಂದಲೇ ಕೂತಿದ್ದಳು. ನಡುವೆ ಮೇಷ್ಟ್ರ ಕುರ್ಚಿ, ಅದರಲ್ಲಿ ಮಾವ. ಬಲಗಡೆಯ ಕೂದಲನ್ನು ಎಡಗಡೆಗೆ ಎಳೆದು ಬಾಚಿ, ಇಸ್ತ್ರಿ ಅಂಗಿ ತೊಟ್ಟು ಸಿದ್ಧರಾಗಿದ್ದರು.

“ಏನಾಯ್ತು, ಗೆದ್ರಾ?” ಎಂದು ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು.

“ಗೆದ್ದೆ” ಅಂದರು ಮೇಷ್ಟ್ರು.

“ಅಳಿಯಂದ್ರೇ, ಬನ್ನಿ ಬನ್ನಿ” ಎಂದು ಮಾವ ಬಾಯ್ತುಂಬ ಕರೆದು, ಬಾಗಿಲ ಹತ್ತಿರದ ಕಟ್ಟಕಡೆಯ ಚಾಪೆಯನ್ನು ತೋರಿಸಿದರು. “ಸ್ವಲ್ಪ ಅಲ್ಲಿ ಕೂತ್ಕೊಳ್ಳಿ. ನನ್ನ ದನಿ ಅಲ್ಲಿವರೆಗೂ ಕೇಳುತ್ತಾ ಅಂತ ನೋಡಬೇಕು. ಅಲ್ಲಿವರೆಗೂ ಕೇಳುತ್ತಾ ಅಂತ.”

ಮೇಷ್ಟ್ರು ಹೋಗಿ ಕೂತರು. ಚೆನ್ನಾಗಿಯೇ ಕೇಳುತ್ತಿತ್ತು.